ಬೈತಖೋಲದಲ್ಲಿ ಯುಪಿಎಸ್ ಕೂರಿಸಿದ್ದು

ಹಸಿರಿದ್ದರೆ ಕರೆಂಟಿದೆ, ಹಳದಿಯಾದರೆ ಬ್ಯಾಟರಿ ಮೇಲಿದೆ,
ಕೆಂಪು ಹೊತ್ತಿದರೆ ನನಗೆ ಫೋನು ಮಾಡಿ, ಅಂದೆ.
ಮುಕ್ತಾಬಾಯಿ ಮೀನು ತೊಳೆದ ಕೈ ಸೆರಗಿಗೆ ಒರೆಸಿ
ದೀಪಕ್ಕಿಂತ ಮೊದಲು ಗಂಡನ ಮುಖ ನೋಡಿದಳು.

ಮೂವತ್ತು ವರ್ಷ ಟ್ರಾಲರಿನ ತಾಂಡೇಲ.
ಈಗ ಮೂಗಿಗೆ ನಳಿಗೆ,
ಮಂಚದ ಬದಿಗೆ ಗುರುಗುಡುವ ಆಕ್ಸಿಜನ್ ಯಂತ್ರ.
“ಎಡಕ್ಕೆ ಕೆಂಪು, ಬಲಕ್ಕೆ ಹಸಿರು,” ಉಸಿರು ಕೂಡಿಸಿ ಅಂದ,
“ಎರಡೂ ಕಂಡರೆ ಬೋಟು ನಮ್ಮತ್ತಲೇ ಬರ್ತಿದೆ.”

ಪ್ಲಗ್ ಕಿತ್ತು ತೋರಿಸಿದೆ.
ಪೀಂ. ನಾಲ್ಕೆಣಿಸುವಷ್ಟು ಮೌನ. ಪೀಂ.
ತಾಂಡೇಲ ಕಣ್ಣು ಮುಚ್ಚಿ ಎಣಿಸಿದ,
ದೇವಗಡದ ದೀಪದ ಮಿಣುಕನ್ನು
ಮಂಜಿನಲ್ಲಿ ಎಣಿಸುತ್ತಿದ್ದ ಹಾಗೆ.

“ಬಿಡದೆ ಕೂಗಿದರೆ?” ಅವಳು ಕೇಳಿದಳು.
ಇನ್ನೆರಡೇ ನಿಮಿಷ, ಅನ್ನಬೇಕಿತ್ತು ನಾನು.
ಸಿಲಿಂಡರು ಎಲ್ಲಿಟ್ಟಿದ್ದೀರಿ, ಅಂದೆ.
ಅವಳ ಕೈ ಆಗಲೇ ಅದರ ತಿರುಪಿನ ಮೇಲಿತ್ತು.
ಬೆರಳಿಗಂಟಿದ್ದ ಒಂದು ಹುರುಪೆ
ಹಳದಿ ಬೆಳಕಿಗೆ ಹೊಳೆಯಿತು.