ಹನ್ನೆರಡು ಮಿಲಿಮೀಟರ್

ಗ್ಯಾರೇಜಿನಿಂದ ಕಾರನ್ನು ಹೊರಗಟ್ಟಿದ್ದಾಯಿತು.
ಬಿಸಿಲಿಗೆ ಅದರ ಬಣ್ಣ ಸುಲಿಯುತ್ತಿದೆ, ಸುಲಿಯಲಿ.
ಒಳಗೆ, ಮುಚ್ಚಿಹೋದ ಶಾಲೆಯ ಹರಾಜಿನಲ್ಲಿ
ಹನ್ನೆರಡು ಡಾಲರಿಗೆ ಕೂಗಿ ತಂದ ಪಿಂಗ್‌ಪಾಂಗ್ ಮೇಜು,
ನಡುವಿನ ಬಿಳಿಗೆರೆ ಇನ್ನೂ ಮಾಸಿಲ್ಲ.
ಒಂಬತ್ತಡಿ ಉದ್ದ, ಐದಡಿ ಅಗಲ:
ಇಷ್ಟರಲ್ಲಿ ಒಂದು ಸೀಮೆ ಹಿಡಿಸಬೇಕು.

"ಒಂದನ್ನು ಆರಿಸು ಗ್ಲೆನಿಸ್," ಎನ್ನುತ್ತಾನೆ ಪೆಂಗಿಲ್ಲಿ,
ಅಂಚೆಯಲ್ಲಿ ಹಳಿ ತರಿಸಿಕೊಡುವವನು.
"ಎಲ್ಲವೂ ಬೇಕೆಂದವರ ಮೇಜಿನ ಮೇಲೆ
ಕೊನೆಗೆ ಓಡಾಡುವುದು ಜೇಡ ಮಾತ್ರ."

ಹೇಗೆ ಆರಿಸಲಿ?
ಪೀಟರ್‌ಬರೋದಲ್ಲಿ ಹುಟ್ಟಿದವರಿಗೆ ಹಳಿಯೆಂದರೆ ಒಂದಲ್ಲ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆ,
ಸರ್ಕಾರ ಇನ್ನೆಲ್ಲಿಗೋ;
ಮೂರು ಅಳತೆಯ ಹಳಿ ಬಂದು ನಮ್ಮೂರಿನ ಎದೆಯ ಮೇಲೆ
ಒಂದರೊಳಗೊಂದು ಕಾಲು ಚಾಚಿ ಮಲಗಿದವು,
ಒಂದೇ ಕಂಬಳಿಯಡಿ ಮೂವರು ದಾಯಾದಿಗಳು.

ಕಿರಿದು, ಮೂರಡಿ ಆರಿಂಚು:
ಬ್ರೋಕನ್ ಹಿಲ್‌ನ ಸೀಸದ ಅದಿರು ಎಳೆಯುತ್ತ
ಗ್ಯಾರಟ್ ಎಂಜಿನ್ನು ರಾತ್ರಿ ಎರಡಕ್ಕೆ
ನಮ್ಮ ಅಡುಗೆಮನೆಯ ಬಟ್ಟಲುಗಳನ್ನು ಮಾತಾಡಿಸಿ ಹೋಗುತ್ತಿತ್ತು.
ಅಗಲದ್ದು ಬಂದದ್ದು ತಡವಾಗಿ, ಹೋದದ್ದು ಬೇಗ,
ನನ್ನ ಎರಡನೇ ಗಂಡನ ಹಾಗೆ;
ಅದರ ಮೇಲೆ ಸಿಟ್ಟೂ ಇಲ್ಲ.
ನಡುವಿನದು ಈಗಲೂ ಇದೆ. ಸಿಡ್ನಿಯಿಂದ ಪರ್ತ್‌ಗೆ
ಬೆಳ್ಳಗೆ ಹೊಳೆಯುತ್ತ ಹಾಯುತ್ತದೆ,
ನಿಲ್ಲುವುದಿಲ್ಲ.
ಕಿಟಕಿಯಲ್ಲಿ ಯಾರೋ ಸೂಪು ಕುಡಿಯುತ್ತಿರುತ್ತಾರೆ.

ಅಂಗಡಿಯಲ್ಲಿ ಸಲೀಸಾಗಿ ಸಿಗುವುದು ಅದೇ, ಹದಿನಾರೂವರೆ ಮಿಲಿಮೀಟರ್.
ಡಬ್ಬಿ ತೆರೆದರೆ ಸಾಕು, ಓಡುತ್ತದೆ.
ಕಿರಿದಾದರೆ ಹನ್ನೆರಡು. ಎಂಜಿನ್ನನ್ನು
ಹಿತ್ತಾಳೆ ತಗಡಿನಿಂದ ನಾನೇ ಕತ್ತರಿಸಿ ಬೆಸೆಯಬೇಕು,
ಎಪ್ಪತ್ತೈದರ ಈ ನಡುಗುವ ಕೈಯಲ್ಲಿ.

ಕಿರಿದೇ ಎಂದುಕೊಂಡೆ. ಅಷ್ಟಕ್ಕೇ ಮುಗಿಯಲಿಲ್ಲ.
ಪೆಂಗಿಲ್ಲಿಯ ಶಾಸ್ತ್ರ ಬಲು ಬಿಗಿ:
ವರ್ಷ ಹೇಳು, ತಿಂಗಳು ಹೇಳು, ಮೋಡವಿತ್ತೇ ಹೇಳು.
ಐವತ್ತೇಳಾದರೆ ಸ್ಟೇಷನ್ನಿನ ಮುಂದೆ
ಮೆಣಸು ಬಿಡದ ಆ ಪೆಪ್ಪರ್ ಮರ ಇರುತ್ತದೆ,
ಮರುವರ್ಷ ಕಡಿದರು.
ಅರವತ್ತೆರಡಾದರೆ ಕೆಂಪು ಡೀಸೆಲ್‌ಗಳು, ಚೆಂದವೇ.
ಆದರೆ ಅಣ್ಣ ಡೆಸ್ಮಂಡ್ ಯಾರ್ಡಿಗೆ ಸೇರಿದ್ದು
ಐವತ್ತೊಂಬತ್ತರ ಜನವರಿಯಲ್ಲಿ,
ಎರಡು ವ್ಯಾಗನ್ನುಗಳ ನಡುವೆ ಕೊಂಡಿ ಹಾಕುತ್ತ
ಎರಡು ಬೆರಳು ಅಲ್ಲೇ ಬಿಟ್ಟು ಮನೆಗೆ ಬಂದದ್ದು ಅದೇ ಅಕ್ಟೋಬರಿನಲ್ಲಿ.
ಆಮೇಲೆ ಅವನು ಅಕಾರ್ಡಿಯನ್ ಮುಟ್ಟಲಿಲ್ಲ,
ಅದರ ಪೆಟ್ಟಿಗೆಯಲ್ಲಿ ಈರುಳ್ಳಿ ಇಡುತ್ತಿದ್ದ.

ನನಗೆ ಉಳಿದದ್ದು ಒಂಬತ್ತು ತಿಂಗಳು. ಮರವಿಲ್ಲದ ಒಂಬತ್ತು ತಿಂಗಳು.
ಯಾರಿಗೂ ಹೇಳದೆ ಮಾರ್ಚ್ ಎಂದು ಬರೆದಿಟ್ಟೆ.

ಗೊಂಬೆಯೊಂದನ್ನು ಕುಂಚದ ಮೂರೇ ಕೂದಲಿನಿಂದ ಬಳಿದೆ:
ನೀಲಿ ಶರ್ಟು, ಹಿಂದಕ್ಕೆ ಜಾರಿದ ಟೋಪಿ, ಕೈಯಲ್ಲಿ ಲಾಂದ್ರ.
ಬೆರಳೆಣಿಸೋಣವೆಂದು ಭೂತಗನ್ನಡಿ ಹಿಡಿದರೆ
ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿದ ಕೈಯಲ್ಲಿ
ಬೆರಳೇ ಇಲ್ಲ; ತಿಳಿಗೆಂಪಿನ ಒಂದು ಚುಕ್ಕೆ.
ಮಾರ್ಚಿಗೂ ಅದೇ,
ನವೆಂಬರಿಗೂ ಅದೇ.

ಎಷ್ಟು ಹೊತ್ತು ಕೂತೆನೋ. ತಗಡಿನ ಮಾಡು ಕಾದು ಟಿಕ್ಕೆನ್ನುತ್ತಿತ್ತು.

ಪೆಂಗಿಲ್ಲಿಗೆ ಫೋನು ಮಾಡಿದೆ: ಹನ್ನೆರಡು ಮಿಲಿಮೀಟರ್, ಇಪ್ಪತ್ತು ಗಜ.
"ವರ್ಷ?"
ಮರ ಇರಲಿ, ಎಂದೆ. ಡೀಸೆಲ್ಲೂ ಒಂದು ಇರಲಿ,
ಗ್ಯಾರಟ್ಟಿನ ಪಕ್ಕದಲ್ಲೇ.
ಆ ಕಡೆ ಚರ್ಚಿನಂಥ ಮೌನ.
"ಅದು ಸುಳ್ಳಾಗುತ್ತದಲ್ಲ ಗ್ಲೆನಿಸ್."
ಆಗಲಿ. ಹಳಿ ಮಾತ್ರ ಸರಿಯಿರಲಿ,
ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಬೇಡ.

ಫೋನು ಇಡುವಷ್ಟರಲ್ಲಿ ಹೊರಗೆ ಉದ್ದನೆಯದೊಂದು ಹಾಯಿತು, ನಿಲ್ಲಲಿಲ್ಲ.
ಮೇಜು ಅದುರಿ, ಬಿಳಿಗೆರೆಯ ಮೇಲೆ ನಿಂತಿದ್ದ ಅಣ್ಣ
ಮಗುಚಿ ಬಿದ್ದ.
ಎತ್ತಿ ಊದಿ,
ಅಂಗಾಲಿಗೆ ಅಂಟು ಹಚ್ಚಿದೆ.