ಸತುವಿನ ಬೆರಳು

ಕೌಲ್ ಬಜಾರಿನಲ್ಲಿ ಜೀನ್ಸ್ ಅಂದರೆ ಪ್ಯಾಂಟು, ಅಷ್ಟೇ.
ಹಳಬರಿಗೆ ಇನ್ನೊಂದು ನೆನಪು: ರೈಲು ಹಳಿಯಾಚೆ
ಬೀಗ ಬಿದ್ದ ಹತ್ತಿ ಜೀನು,
ಅರಳೆಯಿಂದ ಬೀಜ ಬಿಡಿಸುತ್ತಿದ್ದದ್ದು.
ಮೂರನೆಯ ಅರ್ಥ ನಾನು ಹೇಳಬೇಕಾಗಿ ಬಂತು,
ಮಧ್ಯಾಹ್ನ ಎರಡೂವರೆಗೆ,
ಲ್ಯಾಬಿನ ಕಿಟಕಿ ಕಂಬಿಯ ಈಚೆ ನಿಂತು,
ಊಟದ ಡಬ್ಬಿ ತೆರೆಯುವ ಮೊದಲು.

ಆಚೆ ಹೊನ್ನೂರ್‌ಸಾಬರು. ಕಟಿಂಗ್ ಮಾಸ್ಟರ್.
ಉಗುರಿನಂಚಿಗೆ ತೊಳೆದರೂ ಹೋಗದ ನೀಲಿ.
ನನ್ನ ಉಗುರಿಗೂ ನೀಲಿಯೇ, ಲೀಶ್ಮನ್ ಬಣ್ಣದ್ದು.
"ಮೇಡಂ, ಹೈದರಾಬಾದಿನ ಕಾಗದ ಬಂತಂತಲ್ಲ.
ಡಾಕ್ಟರು ಹೇಳಿದ್ರು. ತಲಿಗೆ ಹೋಗ್ಲಿಲ್ಲ."

ಮಗಳು ರುಖಿಯಾ, ಒಂಬತ್ತು ವರ್ಷ, ಮಕ್ಕಳ ವಾರ್ಡು.
ಅವಳ ಮಜ್ಜೆಯನ್ನು ಗಾಜಿಗೆ ಸವರಿದ್ದು ನಾನೇ:
ಒತ್ತೊತ್ತಾಗಿ ನಿಂತ ದುಂಡು ಜೀವಕೋಶಗಳು,
ಎಲ್ಲಕ್ಕೂ ಒಂದೇ ಮುಖ,
ಬೆಳೆಯದೆ ಬರೀ ಹೆಚ್ಚಾದದ್ದು.

ಎಲ್ಲಿಂದ ಶುರು ಮಾಡಲಿ?
ಪ್ರತಿ ಕೋಶದೊಳಗೂ ಇಡೀ ಥಾನು ಸುತ್ತಿಟ್ಟಿದೆ.
ಯಾವ ಕಡೆ ಬಿಚ್ಚಬೇಕು, ಎಲ್ಲಿ ಮಡಿಕೆ ಮುಟ್ಟಬಾರದು,
ಬೆರಳಿಟ್ಟು ತೋರಿಸುವ ಪ್ರೋಟೀನೊಂದಿದೆ,
ಇಕಾರಸ್ ಅಂತ.
ಬೆರಳೆಂದರೆ ಬೆರಳೇ, ಪುಸ್ತಕದಲ್ಲೂ ಹಾಗೇ ಕರೆದಿದ್ದಾರೆ,
ಒಂದೊಂದರ ಬುಡಕ್ಕೆ ಒಂದೊಂದು ಕಣ ಸತುವು.
ನಮ್ಮ ಗುಡ್ಡಗಳಲ್ಲಿ ಕಬ್ಬಿಣವಿದೆ, ಮ್ಯಾಂಗನೀಸಿದೆ,
ಲಾರಿಯಿಂದ ಉದುರಿ ರಸ್ತೆಯೆಲ್ಲ ಕೆಂಪು.
ಸತುವು ಮಾತ್ರ ಸದ್ದಿಲ್ಲದೆ ಬರುತ್ತದೆ ಮೈಗೆ,
ಎಳ್ಳಿನಿಂದ, ಹುರಿಗಡಲೆಯಿಂದ.

ನೀನು ಕಾವಲಿಗೆ, ಎಂದು ಅದು ತೋರಿಸಿದರೆ
ಮರಿಕೋಶ ಬೆಳೆದು ಕಾವಲಿಗೆ ನಿಲ್ಲುತ್ತದೆ,
ಬಂದ ಜ್ವರವನ್ನು ತಡೆಯುತ್ತದೆ,
ಕೆಲಸ ಮುಗಿದ ಮೇಲೆ ಸಾಯುತ್ತದೆ.
ಸಾಯುವುದೂ ಅದೇ ಥಾನಿನಲ್ಲಿ ಬರೆದದ್ದು.

ಇಷ್ಟೂ ಹೇಳಿದೆನೋ, ಅರ್ಧಕ್ಕೆ ತೊದಲಿದೆನೋ.
ಅವರು ಜೇಬಿನಿಂದ ಸೀಮೆಸುಣ್ಣದ ಬಿಲ್ಲೆ ತೆಗೆದು
ವರದಿಯ ಬೆನ್ನಿಗೆ ಒಂದು ಗೆರೆ ಎಳೆದರು.
ಬಿಳಿಯ ಮೇಲೆ ಬಿಳಿ, ಕಾಣಲಿಲ್ಲ.
"ನೂರು ಪದರ ಹಾಸ್ತೀವಿ ನಾವು.
ಮ್ಯಾಲಿನ ಪದರಕ್ಕ ಗುರುತು ಹಾಕೋದು ನಾನು.
ಮಿಷಿನ್ನಿಗೇನು ಗೊತ್ತು, ಗುರುತಿದ್ದ ಕಡೆ ಹೋಗ್ತೈತಿ.
ನಿಮ್ಮ ಈ ಮಾಸ್ಟರ್ ಕೆಲಸಕ್ಕ ಬರ್ಲಿಲ್ಲೇನು?"

ಬಂದಿದ್ದಾನೆ. ತೊಂದರೆಯೇ ಅದು.
ಜೀನಿನ ನಡುವಿನ ತುಂಡೊಂದು ಕಿತ್ತುಹೋಗಿ
ಬೆರಳಿಲ್ಲದ ಮಾಸ್ಟರ್ ಹುಟ್ಟಿದ್ದಾನೆ.
ಮೊಂಡುಗೈಯಲ್ಲೇ ಹಾಜರಿ ಹಾಕುತ್ತಾನೆ,
ಒಳ್ಳೆಯ ಮಾಸ್ಟರನ ತೋಳು ಹಿಡಿದು ನಿಲ್ಲುತ್ತಾನೆ,
ಅವನಿಗೂ ಗುರುತು ಹಾಕಗೊಡುವುದಿಲ್ಲ.

ಹೇಳಿ ಮುಗಿಸಿದ ಮೇಲೆ ಕಂಡಿತು,
ಕಂಬಿ ಹಿಡಿದ ಅವರ ಎಡಗೈ:
ತೋರುಬೆರಳು ಅರ್ಧವೇ ಇತ್ತು.
ಮೊದಲು ನೀಲಿ ಮಾತ್ರ ನೋಡಿದ್ದೆ.

"ನನ್ನಿಂದ ಹೋತೇನು ಅಕಿಗೆ?"

ಇಲ್ಲ.
ಅವತ್ತು ನಾನು ತೊದಲದೆ ಹೇಳಿದ್ದು ಅದೊಂದೇ.
ಯಾವುದೋ ಒಂದು ಕೋಶದಲ್ಲಿ, ಯಾವುದೋ ಒಂದು ದಿನ,
ಅವಳು ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದಾಗಲೋ,
ಗಟಾರದ ನೀಲಿ ನೀರಿಗೆ ಕಾಗದದ ದೋಣಿ ಬಿಡುತ್ತಿದ್ದಾಗಲೋ.
ಯಾರ ಕೈಯೂ ಅಲ್ಲ, ಚಾಚಾ.

ಔಷಧಿ ಜೋರು ಮಾಡುತ್ತಾರೆ ಇನ್ನು.
ಕೂದಲು ಆಗಲೇ ದಿಂಬಿಗೆ ಹತ್ತುತ್ತಿದೆಯಂತೆ.
ಚೂರುಗಳನ್ನು ಕೂಡಿಸಿ ಒಂದು ಟೋಪಿ ಹೊಲಿದಿದ್ದರು,
ತಂದಿದ್ದ ಚೀಲದಿಂದ ತೆಗೆದು ತೋರಿಸಿದರು:
ಏಳೆಂಟು ಬಗೆಯ ನೀಲಿ, ಒಂದಕ್ಕೊಂದು ಹೊಂದದ್ದು.
"ಪದರ ಬ್ಯಾರೆ ಬ್ಯಾರೆ," ಅಂದರು, ತಪ್ಪೊಪ್ಪಿಕೊಂಡ ಹಾಗೆ.

ಅವರು ಹೋದ ಮೇಲೆ
ವರದಿಯ ಪ್ರತಿಯನ್ನು ಬೆಳಕಿಗೆ ಓರೆ ಹಿಡಿದೆ. ಗೆರೆ ಕಂಡಿತು.
ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ ಮೆತ್ತಗಾಗಿತ್ತು.
ಇಪ್ಪತ್ತೊಂಬತ್ತನೇ ದಿನ ಮತ್ತೆ ಮಜ್ಜೆ ತೆಗೆಯುತ್ತಾರೆ.
ಗೋಡೆಯ ಪಟ್ಟಿ ನೋಡಿದೆ, ಅವತ್ತಿನ ಪಾಳಿ ನನ್ನದಲ್ಲ.
ಪೆನ್ಸಿಲಿನಿಂದ ತಿದ್ದಿದೆ.