ಹೊರಡದ ನಾನೂರ ನಲವತ್ತು

ಬಯನ್‌ಖೊಶೂ ದಿಣ್ಣೆ. ಸಂಜೆ ಐದಕ್ಕೇ ಇರುಳು.
ಸೊನ್ನೆಯ ಕೆಳಗೆ ಮೂವತ್ತು ಡಿಗ್ರಿ.
ಕಲ್ಲಿದ್ದಲ ಹೊಗೆಯಲ್ಲಿ ತಡವರಿಸುತ್ತ ಬಂದೆ;
ಬೊಗಳಲೂ ಬೇಸತ್ತ ನಾಯಿ ಒಮ್ಮೆ ನೋಡಿ ಮಲಗಿತು.

"ಕರೆಂಟಿನ ಒಲೆಗೆ ಮುಪ್ಪು ಬಂತು, ದುಲ್ಮಾ, ನನ್ನ ಹಾಗೇ,"
ಅಂದ ಸೆವ್ಜಿದ್. "ಇಲ್ಲವೇ ಅಂಗಡಿಯವ ಟೋಪಿ ಹಾಕಿದ.
ಹೋದ ಚಳಿಗಾಲ ಈ ಗುಡಾರದಲ್ಲಿ ಅಂಗಿ ಬಿಚ್ಚಿ ಕೂರುತ್ತಿದ್ದೆ.
ಈಗ ಕೋಟು ತೊಟ್ಟೇ ನಿದ್ದೆ."

ಮುಪ್ಪೋ ಮೋಸವೋ, ಮೀಟರು ಹೇಳಲಿ.
ಕೆಂಪು ಕಡ್ಡಿ, ಕಪ್ಪು ಕಡ್ಡಿ, ಸಾಕೆಟ್ಟಿನ ಎರಡು ಕಣ್ಣಿಗೆ:
ನೂರ ಎಪ್ಪತ್ತಾರು ವೋಲ್ಟು.
ಒಂಟಿ ತಂತಿಗೆ ಇಕ್ಕಳದ ಬಾಯಿ ತೊಡಿಸಿದೆ:
ಎಂಟು ಆಂಪಿಯರು.
ಬೆರಳು ಮರಗಟ್ಟಿ ಪೆನ್ಸಿಲು ನಿಲ್ಲಲಿಲ್ಲ.
ಮೊಮ್ಮಗಳಿಗೆ ಕೊಟ್ಟೆ. ಎಂಖ್‌ಜುಲ್, ಆರನೇ ಕ್ಲಾಸು.
ಒತ್ತಡವನ್ನು ಹರಿವಿನಿಂದ ಭಾಗಿಸು, ತಡೆ ಸಿಗುತ್ತದೆ.
ಹಿಟ್ಟಿನ ಚೀಲದ ಮೇಲೆ ಬರೆದಳು, ನಾಲಗೆ ಕಚ್ಚಿ:
ಎಂಟೆರಡ್ಲ ಹದಿನಾರು, ಉಳಿದದ್ದು ಒಂದು,
ಆರನ್ನು ಕೆಳಗಿಳಿಸಿದರೆ
ಮತ್ತೂ ಎಂಟೆರಡ್ಲ ಹದಿನಾರು.
ಇಪ್ಪತ್ತೆರಡು ಓಮ್.

ಒಲೆ ತಿರುವಿ ಬೆನ್ನಿನ ಚೀಟಿ ಓದಿದೆ.
ಇನ್ನೂರ ಇಪ್ಪತ್ತು ವೋಲ್ಟಿಗೆ ಎರಡು ಸಾವಿರದ ಇನ್ನೂರು ವ್ಯಾಟ್.
ಅಂದರೆ ಹತ್ತು ಆಂಪಿಯರು. ಅಂದರೆ ಅದೇ ಇಪ್ಪತ್ತೆರಡು.
ಹುಟ್ಟಿದ ದಿನ ಎಷ್ಟು ಮೊಂಡೋ ಇವತ್ತಿಗೂ ಅಷ್ಟೇ ಮೊಂಡು.
ಅಂಗಡಿಯವ ನಿರಪರಾಧಿ. ಮುಪ್ಪು ಕೂಡ.

"ಮತ್ತೆ ಚಳಿ ಯಾಕೆ?"

ಈಗ ಗುಣಿಸು, ಮಗು.
ನೂರ ಎಪ್ಪತ್ತಾರನ್ನು ಎಂಟರಿಂದ: ಸಾವಿರದ ನಾನೂರ ಎಂಟು.
ವೋಲ್ಟು ಐದರಲ್ಲೊಂದು ಪಾಲು ಇಳಿದಿತ್ತು, ಅಷ್ಟೇ.
ಇಳಿಯುವಾಗ ಹರಿವಿನ ಕೈಯನ್ನೂ ಹಿಡಿದೆಳೆದಿತ್ತು;
ಇಬ್ಬರೂ ಜಾರಿದರೆ
ಬಿಸಿಯಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚೇ ಹೋಗುತ್ತದೆ.

ಕಂಬದಲ್ಲಿ ಅಳೆದೆ. ಪೂರ್ತಿ ಇನ್ನೂರ ಇಪ್ಪತ್ತು.
ನಲವತ್ತನಾಲ್ಕು ವೋಲ್ಟು ದಾರಿಯಲ್ಲೇ ಎಲ್ಲೋ ಇಳಿದುಬಿಟ್ಟಿದೆ.
ಟಾರ್ಚು ಹಿಡಿದು ಬೇಲಿಯುದ್ದಕ್ಕೂ ನಡೆದೆ.
ತಂತಿಯ ತುಂಬ ಹಿಮ, ಮೂರು ಕಡೆ ಬಿಟ್ಟು.

ಮೂರು ಗಂಟು.
ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ
ಸೆವ್ಜಿದ್ ತಾನೇ ಬರಿಗೈಲಿ ತಿರುಚಿ ಹಾಕಿದ ಮೂರು ಗಂಟು,
ಗುಡಾರ ಕಿತ್ತು ಆಚೆ ಬದಿಗೆ ಹೂಡಿದ ವರ್ಷ.
ಕೂಡಿ ಬಾಳದ ಲೋಹಗಳು. ಒಳಗೊಳಗೇ ಕಿಲುಬು.
ಟೇಪು ಕರಗಿ ಹಲಗೆ ಕಂದಿತ್ತು.
ಇನ್ನೊಂದು ವಾರ ಬಿಟ್ಟಿದ್ದರೆ ಬೇಲಿಯೇ ಒಲೆ.
ನಡುಗಂಟಿನ ಪಕ್ಕ
ಪುಕ್ಕ ಉಬ್ಬಿಸಿಕೊಂಡು ಬೆಚ್ಚಗೆ ಕೂತ ಒಂದು ಗುಬ್ಬಿ.

ನಲವತ್ತನಾಲ್ಕನ್ನು ಎಂಟರಿಂದ ಗುಣಿಸಿ ಹುಡುಗಿ ಕೂಗಿದಳು:
"ಮುನ್ನೂರ ಐವತ್ತೆರಡು! ಕಳ್ಳ ಸಿಕ್ಕ!"
ಆಮೇಲೆ ಕೂಡಿಸಿದಳು. ಹುಬ್ಬು ಗಂಟಿಕ್ಕಿತು.
"ಒಲೆಯದ್ದೂ ಕಳ್ಳನದ್ದೂ ಸೇರಿ ಸಾವಿರದ ಏಳುನೂರ ಅರವತ್ತು.
ಚೀಟಿಯಲ್ಲಿ ಎರಡು ಸಾವಿರದ ಇನ್ನೂರಿತ್ತು.
ಉಳಿದ ನಾನೂರ ನಲವತ್ತು ಯಾರು ತಿಂದರು?"

ಯಾರೂ ತಿನ್ನಲಿಲ್ಲ. ಅದು ಕಂಬದಿಂದ ಹೊರಡಲೇ ಇಲ್ಲ.
ಕಳುವಾದದ್ದಕ್ಕೆ ಕುರುಹು ಇರುತ್ತದೆ, ಮಗು,
ಬೆಂದ ಹಲಗೆಯ ವಾಸನೆ ಇರುತ್ತದೆ, ಮುಟ್ಟಿದರೆ ಸುಡುತ್ತದೆ.
ಹೊರಡದೇ ಉಳಿದದ್ದಕ್ಕೆ
ಕಳೆಯುವ ಲೆಕ್ಕವೊಂದೇ ಸಾಕ್ಷಿ.
ಇಷ್ಟು ಹೇಳಿ ಸುಮ್ಮನಾದೆ.
ಹದಿನೇಳು ವರ್ಷ ಕಂಬ ಹತ್ತಿದವಳು;
ನನ್ನವೂ ಒಂದೆರಡು ಕಳೆಯುವ ಲೆಕ್ಕ ಬಾಕಿ ಇವೆ.

ಸೆವ್ಜಿದ್ ಏನೂ ಅನ್ನದೆ ಉಪ್ಪಿನ ಚಹಾ ಬಗ್ಗಿಸಿದ.
ಬಟ್ಟಲು ಹಿಡಿದು ಬೆರಳಿಗೆ ಜೀವ ಬರಿಸಿಕೊಂಡೆ.

ಫ್ಯೂಸು ಕಿತ್ತು, ಗಂಟು ಕತ್ತರಿಸಿ,
ಲೋಹಕ್ಕೆ ಲೋಹ ತಾಗದ ಹಾಗೆ ನಡುವೆ ಬಿಲ್ಲೆಯಿಟ್ಟು
ಮೂರು ಕ್ಲ್ಯಾಂಪು ಬಿಗಿದೆ. ಮತ್ತೆ ಕೂರಿಸಿದೆ ಫ್ಯೂಸು.
ಇನ್ನೂರ ಹದಿನೈದು ವೋಲ್ಟು. ಒಂಬತ್ತೂ ಮುಕ್ಕಾಲು ಆಂಪಿಯರು.
ಯಾರೂ ಹೇಳದೆ ಭಾಗಿಸಿದಳು ಹುಡುಗಿ:
"ಇಪ್ಪತ್ತೆರಡು. ಮತ್ತೆ ಸ್ವಲ್ಪ ಚಿಲ್ಲರೆ."
ಮುದುಕ ಕೋಟಿನ ಮೊದಲ ಗುಂಡಿ ಬಿಚ್ಚುತ್ತಿದ್ದ.

ಹೊರಗೆ ಬಂದೆ. ಬೇಲಿಯ ಮೇಲೆ
ತಣ್ಣನೆಯ ಕ್ಲ್ಯಾಂಪಿನ ಪಕ್ಕ ಅದೇ ಗುಬ್ಬಿ,
ಚೂರು ಸರಿದು,
ಮತ್ತೆ ಚೂರು ಸರಿದು.